ಜಯಮ್ಮನ ಮನೆ ಕೇಳಿಕೊಂಡು ಬಂದ ವರ್ಷ

ಹೋದ ತಿಂಗಳು ಮೂಡಲಪಾಳ್ಯದಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಪಕ್ಕದ ಸೈಟಿನಲ್ಲಿ ಹೊಸದಾಗಿ ಎಬ್ಬಿಸಿದ ಗೋಡೆಗೆ ಒಬ್ಬ ಹೆಂಗಸು ಪೈಪಿನಿಂದ ನೀರು ಹೊಡೆಯುತ್ತಿದ್ದಳು. ಬಿಸಿಲಿಗೆ ಕಾದ ಹಸಿ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ ನಾನು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದವರು, "ಯಾಕ್ ಸಾರ್, ಸುಸ್ತಾಯ್ತಾ?" ಎಂದು ಕೇಳಿದರು. ಸುಸ್ತಲ್ಲ. ನನಗೆ ಎಪ್ಪತ್ಮೂರನೇ ಇಸವಿಯ ಬೇಸಿಗೆ ನೆನಪಾಗಿತ್ತು. ಆಗಷ್ಟೇ ಬಡಾವಣೆಯಾಗುತ್ತಿದ್ದ ವಿಜಯನಗರದ ತುಂಬ ಇದೇ ವಾಸನೆ. ಎಲ್ಲಿ ನೋಡಿದರೂ ಅರ್ಧ ಎದ್ದ ಗೋಡೆಗಳು, ಜಲ್ಲಿ ಗುಡ್ಡೆ, ಸುಣ್ಣದ ಗುಂಡಿ. ಅವುಗಳ ನಡುವೆ ಕಪ್ಪು ಟ್ರಂಕು ಹೊತ್ತುಕೊಂಡು ನಾನು ನನ್ನ ಮನೆಯನ್ನೇ ಹುಡುಕಿಕೊಂಡು ಬಂದಿದ್ದೆ. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ, ಆ ವರ್ಷವನ್ನು ನನ್ನ ಜೊತೆ ಕಳೆದ ಹೆಂಡತಿ ಜಯಮ್ಮ ಈಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮುದ್ದಯ್ಯ. ಊರು ಮಾಗಡಿ ಕಡೆ. ಮೀಸೆ ಚಿಗುರುವ ವಯಸ್ಸಿನಲ್ಲೇ ಸೈನ್ಯಕ್ಕೆ ಸೇರಿ, ತೋಪಿನ ದಳದಲ್ಲಿ, ಅಂದರೆ ಫಿರಂಗಿ ಪಡೆಯಲ್ಲಿ, ಹದಿನೈದು ವರ್ಷ ಇದ್ದು, ಹವಾಲ್ದಾರನಾಗಿ ನಿವೃತ್ತನಾದೆ. ನಡುವೆ, ಈಗ ವಿಜಯನಗರದೊಳಗೆ ಸೇರಿಹೋಗಿರುವ ಮಾರೇನಹಳ್ಳಿಯ ಜಯಮ್ಮನ ಜೊತೆ ಮದುವೆಯಾಗಿತ್ತು. ನನ್ನ ತಂದೆ ತಾಯಿ ತೀರಿಕೊಂಡ ಮೇಲೆ ಅವಳು ತವರಿನಲ್ಲೇ ಉಳಿದಳು. ನಾನು ವರ್ಷಕ್ಕೊಮ್ಮೆ ರಜೆಗೆ ಬರುವ ನೆಂಟ. ಅವಳ ಅಪ್ಪ ಊರಂಚಿನಲ್ಲಿ ಒಂದು ತುಂಡು ಜಾಗ ಕೊಟ್ಟಿದ್ದರು. ಎಪ್ಪತ್ತೊಂದರಲ್ಲಿ ರಜೆ ಮುಗಿಸಿ ಹೊರಟಾಗ ಅಲ್ಲಿ ಹುರುಳಿ ಬೆಳೆದಿತ್ತು. ಆಮೇಲೆ ಯುದ್ಧ ಬಂತು. ಯುದ್ಧ ಮುಗಿದ ಮೇಲೂ ನಮ್ಮ ಪಡೆಯನ್ನು ಪಂಜಾಬಿನ ಗಡಿಯಲ್ಲೇ ಉಳಿಸಿಕೊಂಡರು. ರಜೆ ಸಿಗಲಿಲ್ಲ. "ಮನೆ ಆಯಿತು, ಒಕ್ಕಲಾದೆವು, ಯೋಚನೆ ಮಾಡಬೇಡಿ" ಎಂದು ಅವಳು ಬರೆಸಿದ್ದಳು. ಅಷ್ಟೇ ನನಗೆ ಗೊತ್ತಿದ್ದದ್ದು.

ಹಾಗಾಗಿ ಆ ಏಪ್ರಿಲಿನಲ್ಲಿ ಬಸ್ಸಿಳಿದು ನೋಡಿದರೆ ನನಗೆ ದಿಕ್ಕೇ ತಿಳಿಯಲಿಲ್ಲ. ಹೊಲಗಳಿದ್ದ ಕಡೆಯೆಲ್ಲ ಕಲ್ಲು ನೆಟ್ಟು ರಸ್ತೆ ಎಳೆದಿದ್ದರು. ಹುಣಸೆಮರವೊಂದರ ಗುರುತು ಇಟ್ಟುಕೊಂಡಿದ್ದೆ, ಅದನ್ನು ಕಡಿದಿದ್ದರು. ಬೀದಿ ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದ ಹೆಂಗಸರನ್ನು ಕೇಳಿದೆ.

"ಮುದ್ದಯ್ಯನ ಮನೆ ಎಲ್ಲಿ ಬರುತ್ತೆ ತಾಯಿ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆ ಹೆಸರಿನೋರು ಇಲ್ಯಾರೂ ಇಲ್ವಲ್ಲ" ಎಂದಳು ಒಬ್ಬಳು.

"ಜಯಮ್ಮ ಅಂತ. ಒಬ್ಬಳು ಮಗಳಿದಾಳೆ."

"ಓ, ಬಟ್ಟೆ ಹೊಲಿಯೋ ಜಯಮ್ಮನ ಮನೆಯಾ! ಅಲ್ಲಿ ಹಸಿರು ಬಾಗಿಲು ಕಾಣ್ತದಲ್ಲ, ಅದೇ. ತಾವ್ಯಾರು?"

"ಅವರ ಮನೆಯವರು" ಎಂದೆ. ಕೊಡ ಹೊತ್ತವಳು ಸೆರಗನ್ನು ತಲೆಮೇಲೆ ಎಳೆದುಕೊಂಡಳು. ನಾನು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದೆ ಗುಸುಗುಸು ಎದ್ದಿತು.

ಹಸಿರು ಬಾಗಿಲು ತೆರೆದಿತ್ತು. ಒಳಗೆ ಒಂದು ಹಾಲ್, ಅದರ ಹಿಂದೆ ಅಡುಗೆಮನೆ, ಅಷ್ಟೇ ಮನೆ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಜಯಮ್ಮ ಕಾಲಲ್ಲಿ ತುಳಿಯುತ್ತ ರವಿಕೆಯೊಂದರ ತೋಳು ಕೂಡಿಸುತ್ತಿದ್ದಳು. ನನ್ನನ್ನು ನೋಡಿ ಯಂತ್ರ ನಿಲ್ಲಿಸಿ ಎದ್ದಳು. "ನಾಳೆ ಬರ್ತೀರಿ ಅಂದ್ಕೊಂಡಿದ್ದೆ" ಎಂದಳು. ಅವಳ ಬಾಯಲ್ಲಿ ದಾರದ ತುದಿ ಇನ್ನೂ ಇತ್ತು. ಟ್ರಂಕು ಎಲ್ಲಿಡಲಿ ಎಂದು ಕೇಳಿದೆ. ಅವಳು ಸುತ್ತ ನೋಡಿದಳು. ಪ್ರತಿ ಗೋಡೆಯ ಪಕ್ಕದಲ್ಲೂ ಏನಾದರೊಂದು ಇತ್ತು. ಕೊನೆಗೆ, "ಈಗ ಬಾಗಿಲ ಮೂಲೇಲಿಡಿ, ಆಮೇಲೆ ನೋಡೋಣ" ಎಂದಳು. ಆ ವರ್ಷವೆಲ್ಲ ಟ್ರಂಕು ಆ ಮೂಲೆಯಲ್ಲೇ ಇತ್ತು. ಅದರ ಪಕ್ಕ, ಬಲಕ್ಕೆ ಗೋಡೆ ತಾಗುವ ಹಾಗೆ, ನನ್ನ ಚಾಪೆ.

ಮಗಳು ಸುಮಿತ್ರಾಗೆ ಆಗ ಒಂಬತ್ತು ವರ್ಷ. ಸ್ಕೂಲಿಂದ ಬಂದವಳು ಹೊಸ್ತಿಲಲ್ಲೇ ನಿಂತು, "ಯಾವಾಗ ಬಂದ್ರಿ?" ಎಂದಳು. ಅಮ್ಮನಿಗೆ ನೀನು, ಅಜ್ಜನಿಗೆ ನೀನು, ಮಾವನಿಗೂ ನೀನು ಎನ್ನುತ್ತಿದ್ದ ಹುಡುಗಿ ನನಗೆ ಮಾತ್ರ ನೀವು ಎನ್ನುತ್ತಿದ್ದಳು. ಎಷ್ಟು ದಿನ ರಜೆ ಎಂದು ಕೇಳಿದಳು. ಇನ್ನು ರಜೆಯಿಲ್ಲ, ಇಲ್ಲೇ ಇರುತ್ತೇನೆ ಎಂದೆ. ಅವಳು ಅಮ್ಮನ ಕಡೆ ನೋಡಿದಳು, ಅದು ನಿಜವೇ ಎಂದು ಕೇಳುವ ಹಾಗೆ.

ಮೊದಲ ಕೆಲವು ವಾರ ನನಗೆ ಬಹಳ ಮರ್ಯಾದೆ ಇತ್ತು. ಭಾವಮೈದ ರಂಗಪ್ಪ ಊರವರನ್ನೆಲ್ಲ ಕರೆದುಕೊಂಡು ಬರುತ್ತಿದ್ದ. ಅವನ ಹೊಲಗಳು ಬಡಾವಣೆಗೆ ಹೋಗಿದ್ದವು. ಈಗ ನಾಲ್ಕು ಹಸು ಕಟ್ಟಿಕೊಂಡು ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದ. "ಭಾವ, ಯುದ್ಧದ್ದು ಹೇಳಿ ಭಾವ" ಎನ್ನುತ್ತಿದ್ದರು ಎಲ್ಲರೂ. ತೋಪಿನವನಿಗೆ ಯುದ್ಧ ಅಂದರೆ ಏನು ಕಾಣುತ್ತದೆ? ನಾವು ಹೊಡೆದ ಗುಂಡು ಮೈಲಿಗಟ್ಟಲೆ ಆಚೆ ಬೀಳುತ್ತಿತ್ತು. ಎಲ್ಲಿ ಬಿತ್ತು, ಏನಾಯಿತು, ನಾವು ನೋಡಿದ್ದಿಲ್ಲ. ನಮಗೆ ಕಂಡದ್ದು ಕಬ್ಬಿನ ಗದ್ದೆ, ಹೊಗೆ, ಕಾದ ಲೋಹ. ಹಾಗೆಂದರೆ ಅವರಿಗೆ ಸಪ್ಪೆಯಾಗುತ್ತಿತ್ತು. ಆಮೇಲೆ ಯಾರೂ ಯುದ್ಧದ ವಿಷಯ ಕೇಳಲಿಲ್ಲ. ಕ್ಯಾಂಟೀನಿನಿಂದ ಒಂದು ಬಾಟ್ಲು ರಮ್ ಸಿಗುತ್ತದಾ ಎಂದು ಕೇಳಿದರು. ಅದೂ ಸುಲಭವಾಗಿ ಸಿಗುವುದಿಲ್ಲವೆಂದು ತಿಳಿದ ಮೇಲೆ ಬರುವವರು ಕಡಿಮೆಯಾದರು.

ನನ್ನನ್ನು ಎಲ್ಲರೂ ಮಿಲ್ಟ್ರಿ ಎಂದೇ ಕರೆಯುತ್ತಿದ್ದರು. ಅಂಗಡಿಯವನಿಗೆ ಮಿಲ್ಟ್ರಿ, ಹಜಾಮನಿಗೆ ಮಿಲ್ಟ್ರಿ, ಮಕ್ಕಳಿಗೆ ಮಿಲ್ಟ್ರಿ ಮಾವ. ಸೈನ್ಯದಲ್ಲಿದ್ದಷ್ಟು ಕಾಲ ಅಲ್ಲಿನವರು ಮದ್ರಾಸಿ ಎನ್ನುತ್ತಿದ್ದರು. ನಾನು ಮೈಸೂರಿನವನು ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ. ಆ ವರ್ಷವೇ ನವೆಂಬರಿನಲ್ಲಿ ರಾಜ್ಯಕ್ಕೂ ಹೆಸರು ಬದಲಾಗಿ ಕರ್ನಾಟಕವಾಯಿತು. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಅಷ್ಟು ವರ್ಷ ಯಾವ ಹೆಸರು ಹೇಳಿಕೊಂಡು ಜಗಳವಾಡಿದ್ದೆನೋ ಅದೂ ಹೋಯಿತಲ್ಲ ಎಂದು ಒಳಗೊಳಗೇ ಅನ್ನಿಸಿತು.

ಮನೆಯಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಬೆಳಕು ಹರಿಯುವ ಮುಂಚೆ ಎಚ್ಚರವಾಗುತ್ತಿತ್ತು. ಎದ್ದು, ಗಡ್ಡ ಹೆರೆದುಕೊಂಡು, ಸ್ನಾನ ಮಾಡಿ, ಬೂಟಿಗೆ ಪಾಲಿಶ್ ಹಾಕಿ ಕೂರುತ್ತಿದ್ದೆ. ಎಲ್ಲಿಗೆ ಹೋಗಬೇಕು? ಯಾರ ಮುಂದೆ ನಿಲ್ಲಬೇಕು? ಕೂತಿರಲಾಗದೆ ಎಲ್ಲರ ಕಂಬಳಿಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಡುತ್ತಿದ್ದೆ. ಬಕೆಟ್ಟುಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಸುಮಿ ತನ್ನ ಪುಸ್ತಕ ಕಾಣದೆ ಅಳುತ್ತಿದ್ದಳು, ನಾನು ಅದನ್ನು ಎತ್ತರದ ಪ್ರಕಾರ ಜೋಡಿಸಿ ಇನ್ನೆಲ್ಲೋ ಇಟ್ಟಿರುತ್ತಿದ್ದೆ. ಒಂದು ದಿನ ಜಯಮ್ಮನ ಕತ್ತರಿ, ಟೇಪು, ಸೀಮೆಸುಣ್ಣ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೆ. ಅವಳು ಹುಡುಕಿ ಹುಡುಕಿ ಸಾಕಾಗಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಇದು ಮನೆ ಕಣ್ರೀ, ಕ್ಯಾಂಪಲ್ಲ" ಎಂದಳು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ. ಆ ದಿನದಿಂದ ನಾನು ಯಾವುದನ್ನೂ ಮುಟ್ಟಲಿಲ್ಲ.

ಇನ್ನೊಂದು ತೊಡಕಿತ್ತು. ಅಳತೆ ಕೊಡಲು ಹೆಂಗಸರು ಬರುತ್ತಿದ್ದರು. ಹೊಸ ಬಡಾವಣೆಯ ಮೇಷ್ಟರ ಮನೆಯವರು, ಆಫೀಸಿನವರ ಮನೆಯವರು. ಇರುವುದೊಂದೇ ಹಾಲ್. "ಜಯಮ್ಮಾ" ಎಂದು ಹೊರಗೆ ದನಿ ಕೇಳಿದ ಕೂಡಲೇ ಅವಳು ನನ್ನ ಕಡೆ ನೋಡುತ್ತಿದ್ದಳು. ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ. ಹೊರಗೆ ನಿಂತ ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಬೀದಿಯಲ್ಲಿ ನಿಂತರೆ ಮನೆ ಕಾಯುವವನ ಹಾಗೆ ಕಾಣುತ್ತೇನೆಂದು ನಡೆಯಲು ಶುರುಮಾಡಿದೆ. ಮೂಡಲಪಾಳ್ಯದ ಕಡೆ ಹೋಗಿ, ಅಲ್ಲಿಂದ ಯೂನಿವರ್ಸಿಟಿಗೆಂದು ಬಿಟ್ಟಿದ್ದ ಜ್ಞಾನಭಾರತಿಯ ಬಯಲಿಗೆ ಇಳಿಯುತ್ತಿದ್ದೆ. ಆಗ ಅಲ್ಲಿ ಕಟ್ಟಡಗಳು ಒಂದೋ ಎರಡೋ. ಉಳಿದದ್ದೆಲ್ಲ ಬಂಡೆ, ಲಂಟಾನದ ಪೊದೆ, ಆಗತಾನೇ ನೆಟ್ಟ ಸಸಿಗಳು. ಕೆಲವು ದಿನ ಕೆಂಗೇರಿಯವರೆಗೂ ಹೋಗಿ ಟೀ ಕುಡಿದು ವಾಪಸ್ಸು ಬರುತ್ತಿದ್ದೆ. ಅಷ್ಟು ದೂರ ನಡೆದರೂ ಯಾರೊಬ್ಬರ ಜೊತೆಗೂ ಮಾತಾಡಿದ್ದಿಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯುತ್ತಿತ್ತು.

ಒಂದು ಮಧ್ಯಾಹ್ನ ಆ ಬಯಲಿನ ಬಂಡೆಯ ಮೇಲೆ ಕೂತಿದ್ದವನಿಗೆ ಏನನ್ನಿಸಿತೋ, ಎದ್ದು ನಿಂತು, ಹಾಜರಿ ಕೂಗುವ ಹಾಗೆ ಗಟ್ಟಿಯಾಗಿ, "ಹವಾಲ್ದಾರ್ ಮುದ್ದಯ್ಯ!" ಎಂದು ಕೂಗಿದೆ. "ಹಾಜರ್ ಸಾಬ್!" ಎಂದು ನಾನೇ ಉತ್ತರ ಕೊಟ್ಟೆ. ಪೊದೆಯ ಆಚೆ ಮೇಕೆ ಮೇಯಿಸುತ್ತಿದ್ದ ಮುದುಕಿ ತಲೆಯೆತ್ತಿ ನೋಡಿದಳು. ನನಗೆ ನಾಚಿಕೆಯಾಗಿ ಬೇಗಬೇಗ ಇಳಿದು ಬಂದೆ. ಆದರೆ ಬಹಳ ದಿನಗಳ ಮೇಲೆ ನನ್ನ ಹೆಸರು ಕೇಳಿ ಎದೆ ಸ್ವಲ್ಪ ಹಗುರವಾದದ್ದೂ ನಿಜ.

ಮಳೆಗಾಲ ಹಿಡಿಯುವ ಹೊತ್ತಿಗೆ ರಂಗಪ್ಪ ರಾಜಾಜಿನಗರದ ಕಡೆ ಒಂದು ಬೋಲ್ಟು ನಟ್ಟಿನ ಫ್ಯಾಕ್ಟರಿಯಲ್ಲಿ ಗೇಟಿನ ಕೆಲಸ ಹುಡುಕಿಕೊಟ್ಟ. ಖಾಕಿ ಬಟ್ಟೆ, ಒಂದು ಸೀಟಿ. ಲಾರಿ ಬಂದರೆ ಗೇಟು ತೆಗೆಯುವುದು, ಹೋದರೆ ಹಾಕುವುದು. ನನಗೆ ಹೋದ ಜೀವ ಬಂದ ಹಾಗಾಯಿತು. ಬೆಳಿಗ್ಗೆ ಹೊರಡಲು ಒಂದು ಕಾರಣ ಸಿಕ್ಕಿತಲ್ಲ. ಒಳಗೆ ಕೆಲಸ ಮಾಡುವವರು ಊಟದ ಹೊತ್ತಿಗೆ ಗುಂಪುಗೂಡಿ ಕೂರುತ್ತಿದ್ದರು. ನಾನು ಗೇಟು ಬಿಟ್ಟು ಹೋಗುವ ಹಾಗಿರಲಿಲ್ಲ, ಡಬ್ಬಿ ಬಿಚ್ಚಿಕೊಂಡು ಒಬ್ಬನೇ ತಿನ್ನುತ್ತಿದ್ದೆ. ಆದರೂ ಅವರ ನಗು ಕೇಳಿಸುತ್ತಿತ್ತು.

ಇಲ್ಲಿ ನನ್ನ ಕಿವಿಯ ವಿಷಯ ಹೇಳಬೇಕು. ಯುದ್ಧದ ದಿನಗಳಲ್ಲಿ ಒಂದು ಸಂಜೆ ತೋಪು ಬಿಡುವಿಲ್ಲದೆ ಹೊಡೆಯುತ್ತಿದ್ದಾಗ ಕಿವಿಗಿಟ್ಟ ಹತ್ತಿ ಬಿದ್ದುಹೋಗಿತ್ತು. ಎತ್ತಿಕೊಳ್ಳಲು ಪುರುಸೊತ್ತಿರಲಿಲ್ಲ. ಹೊಡೆತ ನಿಂತ ಮೇಲೆ ಪಕ್ಕದವನು ನನ್ನ ಕಾಲರು ತೋರಿಸಿದ. ರಕ್ತ ಇಳಿದಿತ್ತು. ಅಂದಿನಿಂದ ಎಡಗಿವಿ ಕೇಳುವುದಿಲ್ಲ. ನಮ್ಮ ದಳದಲ್ಲಿ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುತ್ತಿರಲಿಲ್ಲ. ಎಲ್ಲರ ಕಿವಿಯೂ ಸ್ವಲ್ಪ ಹೆಚ್ಚು ಕಡಿಮೆ ಹೋದದ್ದೇ, ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದೆವು. ಹಾಗಾಗಿ ಮನೆಗೆ ಬಂದ ಮೇಲೆ ಅದನ್ನು ಹೇಳಬೇಕೆಂದು ನನಗೆ ತೋಚಲೇ ಇಲ್ಲ.

ಆ ಫ್ಯಾಕ್ಟರಿಯಲ್ಲಿ ಒಂದು ದಿನ ಮಳೆ ಬರುತ್ತಿತ್ತು. ನಾನು ಗೇಟಿನ ಚಿಲಕ ಹಾಕುತ್ತಿದ್ದೆ. ಎಡಗಡೆಯಿಂದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತಂತೆ. ಕ್ಲೀನರು ಬಾಯಿ ಬಡಿದುಕೊಂಡನಂತೆ. ನನಗೆ ಗೊತ್ತಾದದ್ದು ಯಾರೋ ನನ್ನ ಅಂಗಿ ಹಿಡಿದು ಎಳೆದಾಗ. ಪ್ಯಾಕಿಂಗ್ ಕೆಲಸದ ಹೆಣ್ಣುಮಗಳೊಬ್ಬಳು ಓಡಿಬಂದು ಎಳೆದಿದ್ದಳು. ನಾನು ನಿಂತಿದ್ದ ಜಾಗದಲ್ಲಿ ಲಾರಿಯ ಹಿಂಭಾಗ ಗೇಟಿಗೆ ಒರಗಿ ಕಬ್ಬಿಣ ಬಗ್ಗಿತ್ತು. ಮ್ಯಾನೇಜರು ಕೆಟ್ಟವರಲ್ಲ. ಕೂರಿಸಿ ಟೀ ತರಿಸಿ ಕೊಟ್ಟರು.

"ಮಿಲ್ಟ್ರಿ, ನಿಮ್ಮ ಜೀವಕ್ಕೇ ಅಪಾಯ. ಗೇಟಿನ ಕೆಲಸಕ್ಕೆ ಕಿವಿ ಬೇಕು. ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ" ಎಂದರು.

ಮನೆಗೆ ಬಂದು, "ಆ ಕೆಲಸ ಇನ್ನಿಲ್ಲ" ಎಂದಷ್ಟೇ ಹೇಳಿದೆ. ಜಯಮ್ಮ ಯಂತ್ರ ತುಳಿಯುತ್ತಲೇ, "ಹೂಂ" ಎಂದಳು. ಜಗಳ ಮಾಡಿಕೊಂಡು ಬಿಟ್ಟು ಬಂದಿರಬೇಕು ಎಂದುಕೊಂಡಳೆಂದು ಆಮೇಲೆ ತಿಳಿಯಿತು. ಮತ್ತೆ "ಜಯಮ್ಮಾ" ಎಂಬ ದನಿ, ಮತ್ತೆ ಚಪ್ಪಲಿ, ಮತ್ತೆ ಬಯಲು. ಈ ಸಲ ಮಳೆಯೂ ಇತ್ತು. ಕೊಡೆ ಹಿಡಿದು ಬಂಡೆಯ ಪಕ್ಕ ನಿಂತಿರುತ್ತಿದ್ದೆ. ಊಟಕ್ಕೆ ಕೂತಾಗ ತಾಯಿ ಮಗಳು ಏನೇನೋ ಮಾತಾಡಿಕೊಂಡು ನಗುತ್ತಿದ್ದರು. ನನ್ನ ಬಲಕ್ಕೆ ಗೋಡೆ. ಅವರಿಬ್ಬರೂ ಎಡಕ್ಕೆ. ಅರ್ಧ ಮಾತು ಬರುತ್ತಿತ್ತು, ಅರ್ಧ ಬರುತ್ತಿರಲಿಲ್ಲ. ನಾನು ತಟ್ಟೆ ನೋಡಿಕೊಂಡು ಮುದ್ದೆ ಮುರಿಯುತ್ತಿದ್ದೆ. ಈ ಮನೆಯಲ್ಲಿ ನಾನಿಲ್ಲದಿದ್ದರೂ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ ಎಂಬುದು ದಿನದಿನಕ್ಕೂ ಸ್ಪಷ್ಟವಾಗುತ್ತಿತ್ತು.

ಆಗಲೇ ನನಗೆ ಮತ್ತೆ ಹೋಗುವ ಯೋಚನೆ ಬಂದದ್ದು. ನಿವೃತ್ತ ಸೈನಿಕರನ್ನು ಸೈನ್ಯದ ಡಿಪೋಗಳ ಕಾವಲಿಗೆ ಮತ್ತೆ ತೆಗೆದುಕೊಳ್ಳುತ್ತಾರೆ ಎಂದು ಕಂಟೋನ್ಮೆಂಟಿನಲ್ಲಿ ಸಿಕ್ಕ ಹಳೆಯ ಪರಿಚಯದವನೊಬ್ಬ ಹೇಳಿದ. ಹೋಗಿ ಹೆಸರು ಕೊಟ್ಟು ಬಂದೆ. ವೈದ್ಯಕೀಯ ತಪಾಸಣೆಗೆ ಬರಲು ತಿಳಿಸಿದರು. ಮನೆಯಲ್ಲಿ ಹೇಳಲಿಲ್ಲ. ಆದರೆ ಮೂಲೆಯ ಟ್ರಂಕನ್ನು ಎಳೆದು, ತುಕ್ಕು ಉಜ್ಜಿ, ಹೆಸರಿನ ಮೇಲೆ ಬಿಳಿ ಬಣ್ಣ ತೀಡಲು ಕೂತೆ. ಜಯಮ್ಮ ಬಂದು ಎದುರು ನಿಂತಳು. ಅವಳಿಗೆ ಹೇಳಬೇಕಾಗಿಯೇ ಇರಲಿಲ್ಲ.

"ಎಲ್ಲಿಗೆ?" ಎಂದಳು.

ಹೇಳಿದೆ.

"ಹೋಗೋದಾದ್ರೆ ಹೋಗಿ. ಬೇಡ ಅನ್ನಲ್ಲ ನಾನು. ಬೇಡ ಅಂದು ಅಭ್ಯಾಸಾನೇ ಇಲ್ಲ ನಂಗೆ. ಆದ್ರೆ ಮಗೂಗೆ ನೀವೇ ಹೇಳಿ. ಅಪ್ಪ ಹೋದ್ರು, ಅಪ್ಪ ಹೋದ್ರು ಅಂತ ಪ್ರತಿ ಸಲ ನಾನೇ ಹೇಳಿ ಸಾಕಾಗಿದೆ" ಎಂದಳು. ಹೋಗಿ ಯಂತ್ರದ ಮುಂದೆ ಕೂತಳು. ಬಹಳ ಹೊತ್ತು ಯಂತ್ರದ ಸದ್ದು ಬರಲಿಲ್ಲ.

ಮಾರನೇ ದಿನ ಸಾಯಂಕಾಲ ಸುಮಿಯನ್ನು ಸ್ಕೂಲಿಂದ ಕರೆತರಲು ನಾನೇ ಹೋದೆ. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದೆ. ಅವಳು ನನ್ನ ಎಡಕ್ಕೆ ನಡೆಯುತ್ತಿದ್ದಳು. ಸೈಟುಗಳ ನಡುವಿನ ಕಾಲುದಾರಿಗೆ ಬಂದಾಗ, "ಅಪ್ಪ ಮತ್ತೆ ಕೆಲಸಕ್ಕೆ ದೂರ ಹೋಗ್ತೀನಿ ಕಣಮ್ಮ" ಎಂದೆ. ಅವಳು ಏನೂ ಹೇಳಲಿಲ್ಲ ಎಂದುಕೊಂಡು ಮುಂದೆ ಮಾತಾಡುತ್ತಾ ಹೋದೆ. ರಜೆಗೆ ಬರುತ್ತೇನೆ, ಬರುವಾಗ ಅದು ತರುತ್ತೇನೆ, ಇದು ತರುತ್ತೇನೆ ಎಂದೆ. ತಿರುಗಿ ನೋಡಿದರೆ ಅವಳು ಹಿಂದೆ ಉಳಿದು ನಿಂತಿದ್ದಳು. ಅಳುತ್ತಿದ್ದಳು.

"ಏನಾಯ್ತಮ್ಮ?"

"ನಾನು ಕೇಳಿದ್ದಕ್ಕೆ ನೀವು ಉತ್ತರಾನೇ ಕೊಡಲ್ಲ."

"ಏನ್ ಕೇಳ್ದೆ? ಯಾವಾಗ ಕೇಳ್ದೆ?"

"ಈಗ್ಲೇ ಕೇಳ್ದೆ. ಯಾವಾಗ್ಲೂ ಕೇಳ್ತೀನಿ. ಊಟಕ್ಕೆ ಕೂತಾಗ ಸ್ಕೂಲಲ್ಲಿ ಏನೇನಾಯ್ತು ಅಂತ ಎಲ್ಲಾ ಹೇಳ್ತೀನಿ. ನೀವು ತಟ್ಟೆ ನೋಡ್ಕೊಂಡು ತಿಂತಾನೇ ಇರ್ತೀರಿ. ನಿಮಗೆ ನಾವು ಬೇಡ ಅಂತ ನಂಗೊತ್ತು."

ನಾನು ಅಲ್ಲೇ ಜಲ್ಲಿ ಗುಡ್ಡೆಯ ಮೇಲೆ ಕೂತೆ. ಅಷ್ಟು ತಿಂಗಳಿಂದ ಈ ಮಗು ನನ್ನ ಜೊತೆ ಮಾತಾಡುತ್ತಿತ್ತು. ನಾನು ಒಬ್ಬನೇ ಇದ್ದೇನೆ ಎಂದುಕೊಂಡಿದ್ದ ಹೊತ್ತಿನಲ್ಲೆಲ್ಲ ಪಕ್ಕದಲ್ಲೇ ಕೂತು ಮಾತಾಡುತ್ತಿತ್ತು.

"ಈ ಕಡೆ ಕಿವಿ ಕೇಳಲ್ಲ ಕಣಮ್ಮ ನಂಗೆ" ಎಂದೆ.

"ಸುಳ್ಳು."

"ಸುಳ್ಳಲ್ಲ. ತೋಪು ಹೊಡೆಯುವಾಗ ಹೋಯ್ತು."

ಅವಳು ಕಣ್ಣೊರೆಸಿಕೊಂಡು ಹತ್ತಿರ ಬಂದಳು. ನನ್ನ ಎಡಗಿವಿಗೆ ಕೈ ಅಡ್ಡವಿಟ್ಟು ಏನೋ ಉಸುರಿದಳು. "ಏನಂದೆ ಹೇಳಿ?" ಎಂದು ಮುಂದೆ ಬಂದು ಕೇಳಿದಳು. ಗೊತ್ತಿಲ್ಲ ಎಂದೆ. ಮತ್ತೆ ಉಸುರಿದಳು. ಈ ಸಲವೂ ಗೊತ್ತಿಲ್ಲ ಎಂದೆ. ಅವಳ ಮುಖದಲ್ಲಿ ನಗು ಒಡೆಯಿತು. ಆ ಕಡೆ ಸುತ್ತಿಬಂದು ಬಲಗಿವಿಯಲ್ಲಿ, "ಕೋತಿ ಅಂದೆ" ಎಂದಳು. ಇಬ್ಬರೂ ನಕ್ಕೆವು. ನಕ್ಕು ಸುಮ್ಮನಾದ ಮೇಲೆ ಅದೇ ಕಿವಿಯ ಹತ್ತಿರ ಮೆಲ್ಲಗೆ, "ಹೋಗ್ಲೇಬೇಕಾ ಅಂತ ಕೇಳಿದ್ದೆ" ಎಂದಳು.

ಹೆಸರು ಕೊಟ್ಟಾಗಿತ್ತು. ಕೈಯಲ್ಲಿ ಬೇರೆ ಕೆಲಸವೂ ಇರಲಿಲ್ಲ. "ನೋಡೋಣ" ಎಂದೆ. ಅವಳು ನನ್ನ ಬಲಗೈ ಹಿಡಿದುಕೊಂಡು ಮನೆಯವರೆಗೂ ಮಾತಾಡುತ್ತಲೇ ಬಂದಳು. ಮೇಷ್ಟರ ಬೈಗುಳ, ಗೆಳತಿಯ ಲಂಗ, ಯಾರೋ ಕದ್ದ ಪೆನ್ಸಿಲ್ಲು. ನಾನು ಒಂದನ್ನೂ ಬಿಡದೆ ಕೇಳಿಸಿಕೊಂಡೆ. ಮನೆಯಲ್ಲಿ ಅಮ್ಮನಿಗೆ ಅವಳೇ ಎಲ್ಲ ಹೇಳಿರಬೇಕು. ಮಾರನೇ ದಿನ ಬೆಳಿಗ್ಗೆ ಕಾಫಿ ಕೊಡಲು ಬಂದ ಜಯಮ್ಮ ಗೋಡೆಗೂ ನನಗೂ ನಡುವೆ ಇದ್ದ ಚೂರು ಜಾಗದಲ್ಲಿ ಕಷ್ಟಪಟ್ಟು ನುಸುಳಿ, ನನ್ನ ಬಲಕ್ಕೆ ಬಂದು ಲೋಟ ಚಾಚಿದಳು.

ತಪಾಸಣೆಯ ದಿನ ಬಂತು. ಹೋಗಬೇಕೆಂಬ ಮನಸ್ಸು ಅರ್ಧ, ಬೇಡವೆಂಬುದು ಅರ್ಧ. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಎದೆ, ಕಣ್ಣು, ಮಂಡಿ ಎಲ್ಲ ಸರಿಯಿತ್ತು. ಕೊನೆಗೆ ಡಾಕ್ಟರು ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಬಲಗಿವಿ ಮುಚ್ಚಿಕೊಳ್ಳಲು ಹೇಳಿದರು. ತಾವು ಹಿಂದಿನಿಂದ ಪಿಸುಗುಟ್ಟುವ ಮಾತನ್ನು ನಾನು ತಿರುಗಿ ಹೇಳಬೇಕಿತ್ತು. ನಾನು ಗೋಡೆ ನೋಡುತ್ತ ನಿಂತೆ. ಸುಣ್ಣದ ಗೋಡೆಯಲ್ಲಿ ಒಂದು ಬಿರುಕಿತ್ತು. ಎಷ್ಟೋ ಹೊತ್ತಾದ ಮೇಲೆ ಭುಜದ ಮೇಲೆ ಕೈ ಬಿತ್ತು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. "ಘರ್ ಜಾವೋ, ಹವಾಲ್ದಾರ್ ಸಾಬ್. ಬಹುತ್ ಹೋ ಗಯಾ" ಎಂದರು. ಮನೆಗೆ ಹೋಗಿ, ಇಷ್ಟು ಸಾಕು ಎಂದು. ನಾನು ಸೆಲ್ಯೂಟ್ ಮಾಡಿ ಹೊರಗೆ ಬಂದೆ. ಅದೇ ನನ್ನ ಕೊನೆಯ ಸೆಲ್ಯೂಟು.

ಬಸ್ಸಿಳಿದು ಮನೆಯ ಹತ್ತಿರ ಬಂದರೆ ರಂಗಪ್ಪ ಏಣಿಯ ಮೇಲಿದ್ದ. ಮನೆಯ ಮುಂದೆ ನಾಲ್ಕು ಕಂಬ ನೆಟ್ಟು ಅದರ ಮೇಲೆ ಶೀಟು ಹಾಕುತ್ತಿದ್ದರು.

"ಏನಪ್ಪ ಇದು?" ಎಂದೆ.

"ಅಕ್ಕ ಇನ್ನೊಂದು ಮಿಷಿನ್ ಹಾಕ್ತಾಳಂತೆ ಭಾವ. ನೀವು ಹೊರಟ ಮೇಲೆ ಯಾರಾದ್ರೂ ಹುಡುಗೀನ ಇಟ್ಕೊಂಡು ಕೆಲಸ ಜಾಸ್ತಿ ಮಾಡ್ಬೇಕು ಅಂತ" ಎಂದ ಅವನು, ಮೊಳೆ ಹೊಡೆಯುತ್ತ.

ನಾನು ಹೊರಟಾಗಿತ್ತು, ನನ್ನ ಜಾಗಕ್ಕೆ ಶೀಟು ಬಂದಾಗಿತ್ತು. ಅವಳನ್ನು ದೂರುವುದಾದರೂ ಹೇಗೆ? ಅಷ್ಟು ವರ್ಷ ನಾನು ಹೋದಾಗಲೆಲ್ಲ ಅವಳು ಮಾಡಿಕೊಂಡು ಬಂದದ್ದು ಇದನ್ನೇ. ಬಾಗಿಲಿಗೆ ಬಂದ ಜಯಮ್ಮ ನನ್ನ ಮುಖ ನೋಡಿದಳು. ನೋಡಿ ಅರ್ಥಮಾಡಿಕೊಂಡಳು.

"ಕಿವಿನಾ?" ಎಂದಳು.

"ಹೂಂ."

"ಕೈ ಕಾಲು ತೊಳ್ಕೊಳ್ಳಿ. ಊಟ ಬಡಿಸ್ತೀನಿ."

ಎರಡನೇ ಯಂತ್ರ ಬಂತು. ಯಾರದೋ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯದು. ಹುಡುಗಿ ಮಾತ್ರ ಬರಲಿಲ್ಲ. ಒಂದು ದಿನ ಜಯಮ್ಮ ಹೊಲಿದ ರವಿಕೆಗಳ ರಾಶಿಯನ್ನು ತಂದು ಶೀಟಿನ ಕೆಳಗೆ ಕೂತಿದ್ದ ನನ್ನ ಮುಂದೆ ಇಟ್ಟು, "ನಿಮಗೆ ಗುಂಡಿ ಹಾಕಕ್ಕೆ ಬರುತ್ತಲ್ವಾ?" ಎಂದಳು. ಬಾರದೆ ಏನು! ಸೈನ್ಯದಲ್ಲಿ ಯಾರ ಗುಂಡಿ ಯಾರು ಹಾಕಿಕೊಡುತ್ತಾರೆ? ಹುಕ್ಕು ಕೂಡಿಸಿದೆ, ಗುಂಡಿ ತೂರಿಸುವ ಕಾಜಾ ತೆಗೆದೆ, ಅಂಚು ಮಡಿಸಿ ಕೈಹೊಲಿಗೆ ಹಾಕಿದೆ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದು ಮಿಲ್ಟ್ರಿ ಹೊಲಿಗೆ ಕಣ್ರೀ. ಬಿಚ್ಚೋಕೆ ಬೇಕು ಅಂದ್ರೂ ಬರಲ್ಲ" ಎಂದು ನಕ್ಕಳು. ಅವಳು ನನ್ನ ಜೊತೆ ನಕ್ಕಿದ್ದು ಆ ವರ್ಷ ಅದೇ ಮೊದಲು. ಅಳತೆ ಕೊಡಲು ಬರುವವರು ಈಗ ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬೀದಿಯ ಮಕ್ಕಳು ನನ್ನನ್ನು ಕಾಜಾ ಮಿಲ್ಟ್ರಿ ಎಂದು ಕರೆಯತೊಡಗಿದರು. ಸುಮಿ ಅವರ ಜೊತೆ ಜಗಳವಾಡಿಕೊಂಡು ಬಂದಳು. "ಅಪ್ಪ, ನೀನ್ಯಾಕ್ ಬೈಯಲ್ಲ ಅವರಿಗೆ?" ಎಂದು ನನ್ನ ಮೇಲೇ ಸಿಡುಕಿದಳು. ನೀನು ಎಂದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನೂ ಗೊತ್ತಾಗದವನ ಹಾಗೆ ಸೂಜಿಗೆ ದಾರ ಪೋಣಿಸಿದೆ.

ಇಷ್ಟಾದರೂ ನಾನು ಒಂಟಿ ಎಂಬ ಭಾವ ಪೂರ್ತಿ ಹೋಗಲಿಲ್ಲ. ಜಯಮ್ಮನೂ ನಾನೂ ಕೆಲಸದ ಮಾತಾಡುತ್ತಿದ್ದೆವು, ಅಷ್ಟೇ. ನನ್ನ ಹದಿನೈದು ವರ್ಷ ಅವಳಿಗೆ ಗೊತ್ತಿಲ್ಲ ಎಂದು ನಾನು ಒಳಗೇ ಕೊರಗುತ್ತಿದ್ದೆ. ಆ ವರ್ಷಗಳಲ್ಲಿ ಅವಳದ್ದು ನನಗೆಷ್ಟು ಗೊತ್ತು ಎಂದು ಯೋಚಿಸಿದ್ದೇ ಇಲ್ಲ.

ಬೇಸಿಗೆ ತಿರುಗಿ ಬಂತು. ಮೇ ತಿಂಗಳ ಒಂದು ಮಧ್ಯಾಹ್ನ ಗುಡುಗಿ ಮಳೆ ಹಿಡಿಯಿತು. ಶೀಟಿನ ಮೇಲೆ ಆಲಿಕಲ್ಲು ಬಿದ್ದು ಕೂತಿರಲಾಗದಷ್ಟು ಸದ್ದು. ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಬಂದೆ. ಯಾರೂ ಬರುವ ಹಾಗಿರಲಿಲ್ಲ. ಸುಮಿ ಅಜ್ಜನ ಮನೆಯಲ್ಲಿದ್ದಳು. ಜಯಮ್ಮ ನೆಲದ ಮೇಲೆ ಕೂತು ಅಂಚು ಹೊಲಿಯುತ್ತಿದ್ದಳು. ಗೋಡೆಯ ಮೇಲೆ ಒಂದು ಕಡೆ ನೀರು ಜಿನುಗುತ್ತಿತ್ತು. ಅದನ್ನು ನೋಡುತ್ತ ಸುಮ್ಮನೆ ಕೇಳಿದೆ.

"ಈ ಮನೆ ಹೇಗೆ ಕಟ್ಟಿಸ್ದೆ ಜಯಾ?"

"ಈಗ್ಯಾಕೆ ಅದೆಲ್ಲ?"

"ನಾನು ಕೇಳೇ ಇಲ್ಲವಲ್ಲ. ಹೇಳು."

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಮೊದಮೊದಲು ತಡೆದು ತಡೆದು ಹೇಳಿದಳು. ಮೇಸ್ತ್ರಿ ಹೆಂಗಸಿನ ಮಾತು ಕೇಳಲ್ಲ ಎಂದು ಕೆಲಸ ಬಿಟ್ಟು ಹೋದದ್ದು. ಕಲ್ಲಿನ ಗಾಡಿಯವನ ಜೊತೆ ಜಗಳ. ಗೋಡೆಗೆ ಹಾಕಲು ದೂರದ ಬಾವಿಯಿಂದ ಕೊಡದಲ್ಲಿ ಹೊತ್ತು ತಂದ ನೀರು.

"ಗೋಡೆ ಸೊಂಟದ ಮಟ್ಟ ಬಂದಿತ್ತು, ಆಗ ಯುದ್ಧ ಶುರುವಾಯ್ತು. ರಂಗನ ಮನೇಲಿ ರೇಡಿಯೋ ಮುಂದೆ ಕೂತ್ಕೋತಿದ್ದೆ. ಕೆಲಸ ನಿಲ್ಸಿಬಿಟ್ಟೆ. ನೀವೇ ಬರ್ದೇ ಇದ್ರೆ ಯಾರಿಗೆ ಮನೆ ಅನ್ನಿಸ್ತು. ಆಮೇಲೆ ಒಂದಿನ ಬೆಳಿಗ್ಗೆ ಎದ್ದಾಗ, ಬಂದ್ರೆ ಎಲ್ಲಿರ್ತಾರೆ ಅನ್ನಿಸ್ತು. ಹೋಗಿ ಮೇಸ್ತ್ರೀನ ಕರ್ಕೊಂಡ್ ಬಂದೆ."

ಮಳೆಯ ಸದ್ದಿಗೆ ಅವಳ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ನಾನು ಉಸಿರು ಬಿಗಿಹಿಡಿದು ಅವಳ ತುಟಿ ನೋಡುತ್ತಿದ್ದೆ.

"ಗೃಹಪ್ರವೇಶದ ದಿನ ದಂಪತಿ ಕೂತ್ಕೋಬೇಕು ಅಂದ್ರು ಪುರೋಹಿತ್ರು. ಅಪ್ಪ, ನಾನೂ ನಿಮ್ಮಮ್ಮಾನೂ ಕೂತ್ಕೋತೀವಿ ಅಂತ ಹೇಳ್ದ. ನಾನು ಒಪ್ಲಿಲ್ಲ. ನೀವು ರಜೆಗೆ ಬಂದಾಗ ಒಂದು ಹಸಿರು ಸ್ವೆಟರ್ ಬಿಟ್ ಹೋಗಿದ್ರಲ್ಲ, ಮೊಣಕೈ ಹರಿದಿದ್ದು, ಅದನ್ನ ಮಡಿಸಿ ಒಂದು ಮಣೆ ಮೇಲಿಟ್ಟೆ. ಪಕ್ಕದ ಮಣೇಲಿ ನಾನು ಕೂತೆ."

"ಪುರೋಹಿತ್ರು ಏನಂದ್ರು?"

"ಏನಂತಾರೆ? ಮಂತ್ರ ಹೇಳಿದ್ರು. ಸ್ವೆಟರಿಗೂ ಅಕ್ಷತೆ ಹಾಕಿದ್ರು." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಊಟ ಆಗಿ ಎಲ್ಲಾ ಹೋದ್ರು. ಮಣೆ ಎತ್ತಿಟ್ಟು ಮನೆ ಗುಡಿಸ್ಬೇಕಿತ್ತು. ಆ ಸ್ವೆಟರ್ ಎತ್ತಕ್ಕೆ ಕೈ ಬರ್ಲಿಲ್ಲ ನೋಡಿ. ಅದರ ಸುತ್ತಾನೇ ಗುಡಿಸ್ದೆ. ಮಾರನೇ ದಿನವೂ ಅಷ್ಟೇ."

ಅವಳು ಸೆರಗಿನಿಂದ ಸೂಜಿ ತೆಗೆದು ಮತ್ತೆ ಬಟ್ಟೆ ಕೈಗೆತ್ತಿಕೊಂಡಳು. "ಅಷ್ಟೇ ಕಣ್ರೀ. ಇನ್ನೇನಿಲ್ಲ" ಎಂದಳು.

ನಾನು ಎದ್ದು ಹೋಗಿ ಅವಳ ಎಡಗಡೆ, ನನ್ನ ಬಲಗಿವಿ ಅವಳ ಕಡೆ ಬರುವ ಹಾಗೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತೆ.

"ಇನ್ನೂ ಇದೆ. ಹೇಳು" ಎಂದೆ.

ಹೊರಗೆ ಮಳೆ ನಿಂತು ಶೀಟಿನ ಅಂಚಿನಿಂದ ಹನಿ ಬೀಳುವ ಹೊತ್ತಾದರೂ ಅವಳು ಹೇಳುತ್ತಲೇ ಇದ್ದಳು.